ಕಾಯ್ದೆಗೆ ಸಿಗದ ಬೆಕ್ಕು

ಸಾಗರದ ಕೋರ್ಟಿನಲ್ಲಿ ಬೇಲಿಯ ತಕರಾರುಗಳನ್ನು ಬಗೆಬಗೆಯಾಗಿ ಕಂಡವನು ನಾನು. ಎಮ್ಮೆ ಅಡಿಕೆ ಸಸಿ ಮೇಯ್ದದ್ದು, ಆಡು ಮಲ್ಲಿಗೆ ಬಳ್ಳಿ ಬೋಳಿಸಿದ್ದು, ಬೇಲಿಯನ್ನೇ ರಾತ್ರೋರಾತ್ರಿ ಎರಡು ಮೊಳ ಆಚೆ ಸರಿಸಿದ್ದು, ಎಲ್ಲಕ್ಕೂ ಫೈಲು ಕಟ್ಟಿದ್ದೇನೆ. ಪಕ್ಕದ ಮನೆಯ ಬೆಕ್ಕು ಹಿತ್ತಲಿಗೆ ನುಗ್ಗಿ ಪಾತಿ ಕೆದರಿತೆಂದು ದಾವೆ ಹೂಡಿದವರನ್ನು ಮಾತ್ರ ಕಾಣೆ. ದೂರಿಗೇನೂ ಬರವಿಲ್ಲ. ಬೆಕ್ಕನ್ನು ಕಟ್ಟಿಹಾಕಲು ಕಾಯ್ದೆಯಲ್ಲಿ ಗೂಟವಿಲ್ಲ, ಅಷ್ಟೇ.

ದನಕ್ಕಾದರೆ ಗೂಟವೂ ಇತ್ತು, ದೊಡ್ಡಿಯೂ ಇತ್ತು. ತೋಟಕ್ಕೆ ನುಗ್ಗಿದ ತುಡುಗು ದನವನ್ನು ದೊಡ್ಡಿಗೆ ಹೊಡೆಯುವುದು, ದಂಡವನ್ನೂ ಮೇವಿನ ಖರ್ಚನ್ನೂ ಕಟ್ಟಿ ಯಜಮಾನ ಬಿಡಿಸಿಕೊಂಡು ಹೋಗುವುದು ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತಿದ್ದ ವ್ಯವಹಾರ. ಅದಕ್ಕೆ ಆಧಾರ ಬ್ರಿಟಿಷರ ಕಾಲದ 1871ರ ದನಗಳ ಅತಿಕ್ರಮ ಪ್ರವೇಶ ಕಾಯ್ದೆ. ಅದರಲ್ಲಿ ‘ದನ’ ಎಂದರೆ ಯಾವುದೆಲ್ಲ ಎಂಬ ಪಟ್ಟಿಯಿದೆ. ಆನೆ ಇದೆ, ಒಂಟೆ ಇದೆ. ಎಮ್ಮೆ, ಕುದುರೆ, ಹೇಸರಗತ್ತೆ, ಕತ್ತೆ, ಹಂದಿ, ಕುರಿ, ಆಡು, ಅವುಗಳ ಮರಿಗಳ ತನಕ ಇದೆ. ಮಲೆನಾಡಿನ ಹಿತ್ತಲಿಗೆ ಒಂಟೆ ಬಂದದ್ದನ್ನು ಯಾರು ಕಂಡಿದ್ದಾರೆ? ಆದರೂ ಒಂಟೆಗೆ ಜಾಗ ಸಿಕ್ಕಿತು. ದಿನಾ ಬರುವ ಬೆಕ್ಕಿಗೆ ಸಿಗಲಿಲ್ಲ.

ಇದು ಮರೆವಲ್ಲ. ಬೆಕ್ಕನ್ನು ಹೊರಗಿಡುವ ರೂಢಿ ಕಾಯ್ದೆಗಿಂತಲೂ ಹಳೆಯದು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಬೇಲಿಯ ಮಾತು ಬರುತ್ತದೆ. ಊರ ಸುತ್ತಣ ಗೋಮಾಳದ ಪಕ್ಕ ಹೊಲವಿದ್ದವನು ಒಂಟೆ ಇಣುಕಿ ನೋಡಲಾಗದಷ್ಟು ಎತ್ತರದ ಬೇಲಿ ಹಾಕಬೇಕು, ನಾಯಿ ಹಂದಿಗಳು ಮೂತಿ ತೂರಿಸುವ ಕಂಡಿಗಳನ್ನೆಲ್ಲ ಮುಚ್ಚಬೇಕು. ಬೇಲಿಯಿಲ್ಲದ ಬೆಳೆ ಮೇಯ್ದರೆ ದನ ಕಾಯುವವನಿಗೆ ದಂಡವಿಲ್ಲ. ಬೇಲಿಯ ಎತ್ತರ ಒಂಟೆಗೆ, ಬಿಗಿ ನಾಯಿಗೆ. ಬೆಕ್ಕಿನ ಅಳತೆ ಅಲ್ಲೂ ಇಲ್ಲ, ಏಕೆಂದರೆ ಬೆಕ್ಕಿಗೆ ನಿಲ್ಲುವ ಬೇಲಿಯನ್ನು ಕಟ್ಟಿದವನು ಆಗಲೂ ಇರಲಿಲ್ಲ.

ಅರ್ಥಶಾಸ್ತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಾಣೆಯಾಗಿದ್ದ ಈ ಗ್ರಂಥವನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಗಳಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಬೆಂಕಿ, ನೆರೆ, ಬರ, ರೋಗಗಳ ಸಾಲಿನಲ್ಲೇ ಇಲಿಯ ಕಾಟವನ್ನೂ ಒಂದು ರಾಷ್ಟ್ರೀಯ ವಿಪತ್ತೆಂದು ಎಣಿಸಿರುವ ಅಧ್ಯಾಯ ಅದರಲ್ಲಿದೆ. ಇಲಿ ಹೆಚ್ಚಿದರೆ ಬೆಕ್ಕು, ಮುಂಗುಸಿಗಳನ್ನು ಬಿಡಬೇಕು. ಅವುಗಳನ್ನು ಹಿಡಿದವರಿಗೆ, ಕೊಂದವರಿಗೆ 12 ಪಣ ದಂಡ. ಅದೇ ಉಸಿರಿನಲ್ಲಿ, ತಮ್ಮ ನಾಯಿಗಳನ್ನು ಹತೋಟಿಯಲ್ಲಿ ಇಟ್ಟುಕೊಳ್ಳದವರಿಗೂ ಅಷ್ಟೇ ದಂಡ. ನಾಯಿಯನ್ನು ಕಟ್ಟು, ಬೆಕ್ಕನ್ನು ಬಿಡು. ಅಲೆದಾಡುವುದೇ ಬೆಕ್ಕಿನ ಉದ್ಯೋಗವಾದಾಗ ಅಲೆದಾಟವನ್ನು ಅಪರಾಧ ಎನ್ನುವುದು ಹೇಗೆ?

ಸಮುದ್ರದಾಚೆಯೂ ಇದೇ ಲೆಕ್ಕ. ಹತ್ತನೆಯ ಶತಮಾನದ ವೇಲ್ಸ್ ದೊರೆ ಹೈವೆಲ್ ದಾ ಹೆಸರಿನಲ್ಲಿ ಬಂದಿರುವ ಕಾನೂನುಗಳು ಬೆಕ್ಕಿಗೆ ಬೆಲೆಯನ್ನೇ ಕಟ್ಟಿವೆ. ಕಣ್ಣು ಬಿಡುವ ತನಕ ಮರಿಗೆ ಒಂದು ಪೆನ್ನಿ, ಇಲಿ ಹಿಡಿಯುವ ತನಕ ಎರಡು, ಹಿಡಿದ ಮೇಲೆ ನಾಲ್ಕು. ಮಾರುವವನು ಅದರ ಕಣ್ಣು, ಕಿವಿ, ಉಗುರು ನೆಟ್ಟಗಿವೆಯೆಂದು ಖಾತ್ರಿ ಕೊಡಬೇಕು. ದೊರೆಯ ಕಣಜ ಕಾಯುವ ಬೆಕ್ಕನ್ನು ಕೊಂದವನ ದಂಡವಂತೂ ನೋಡುವಂಥದ್ದು: ಬೆಕ್ಕನ್ನು ಬಾಲ ಹಿಡಿದು, ತಲೆ ನೆಲಕ್ಕೆ ತಾಗುವ ಹಾಗೆ ತೂಗಿಸಿ, ಬಾಲದ ತುದಿ ಮುಚ್ಚುವಷ್ಟು ಗೋಧಿ ಸುರಿಯಬೇಕು. ಬೆಕ್ಕು ಉಳಿಸಿಕೊಡುತ್ತಿದ್ದ ಧಾನ್ಯವನ್ನು ಅದರ ಮೈ ಅಳತೆಯಲ್ಲೇ ವಸೂಲು ಮಾಡುವ ಕ್ರಮ.

ನಮ್ಮ ಸಿವಿಲ್ ಕೋರ್ಟುಗಳು ನೆರೆಹೊರೆಯ ಹಾನಿಯ ವಿಷಯದಲ್ಲಿ ಇಂಗ್ಲೆಂಡಿನ ತೀರ್ಪುಗಳತ್ತ ನೋಡುವುದು ವಾಡಿಕೆ. ಅಲ್ಲಿ 1926ರಲ್ಲಿ ಬಕಲ್ ಎಂಬ ವಾದಿ ಹೋಮ್ಸ್ ಎಂಬ ನೆರೆಯವನ ಮೇಲೆ ಹೋದ ಮೊಕದ್ದಮೆ ಮೇಲಿನ ಕೋರ್ಟಿನ ತನಕ ಏರಿತು. ಹೋಮ್ಸನ ಬೆಕ್ಕು ಬಕಲನ ಜಾಗಕ್ಕೆ ದಾಟಿ ಪಾರಿವಾಳಗಳನ್ನೂ ಗಿಡ್ಡ ತಳಿಯ ಕೋಳಿಗಳನ್ನೂ ಕೊಂದಿತ್ತು. ಬೆಕ್ಕು ತನ್ನ ಜಾತಿಗೆ ಸಹಜವಾದದ್ದನ್ನು ಮಾಡಿದೆ, ಯಜಮಾನ ಹೊಣೆಯಲ್ಲ ಎಂದಾಯಿತು. ಕೋಳಿ ಹೋದರೇ ಪರಿಹಾರವಿಲ್ಲ ಎಂದ ಮೇಲೆ ಕೊತ್ತಂಬರಿ ಪಾತಿಯ ಮಾತೇನು!

ಹೀಗೆ ಬೆಕ್ಕಿಗೆ ಸಿಕ್ಕ ರಿಯಾಯಿತಿ ಅದರ ಸಂಬಳ. ನಮ್ಮ ಕಡೆ ಒಂದು ಕಾಲಕ್ಕೆ ವರ್ಷದ ಭತ್ತ ಮನೆಯ ಪಣತದಲ್ಲೇ ಇರುತ್ತಿತ್ತು. ಬಯಲುಸೀಮೆಯಲ್ಲಿ ರಾಗಿ, ಜೋಳ ಹಗೇವಿನಲ್ಲಿ. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಒಂದಕ್ಕೊಂದು ಗೋಡೆ ತಾಗಿದ ಕೇರಿಯ ಮನೆಗಳಲ್ಲಿ ಅದು ಒಂದು ಮನೆಯಲ್ಲಿ ಈದು, ಇನ್ನೊಂದರಲ್ಲಿ ಹಾಲು ಕುಡಿದು, ಮತ್ತೊಂದರ ಅಟ್ಟದಲ್ಲಿ ಬೇಟೆಯಾಡುತ್ತಿತ್ತು. ಯಾರ ಬೆಕ್ಕೆಂದು ಕೇಳುವವರಿರಲಿಲ್ಲ. ಬೆಕ್ಕು ಕೊಂದರೆ ಚಿನ್ನದ ಬೆಕ್ಕು ದಾನ ಮಾಡಬೇಕೆಂದು ಹಿರಿಯರು ಹೆದರಿಸುತ್ತಿದ್ದುದೂ ಕಣಜದ ಕಾವಲಿಗೇ ಇರಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಇಲಿ ಬಿದ್ದರೆ ಮನೆ ಬಿಡುವ ಕಾಲ ಶುರುವಾಯಿತು. ಆಗ ಬೆಕ್ಕಿನ ಬೆಲೆ ಮತ್ತೊಮ್ಮೆ ಏರಿತು. ಅಮರಾವತಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಆಂಡ್ರ್ಯೂ ಬುಕಾನನ್, ಬೆಕ್ಕು ಸಾಕಿದ ಊರುಗಳಿಗೆ ಪ್ಲೇಗು ತಾಗುವುದು ಕಡಿಮೆಯೆಂದು ವಾದಿಸಿ ಬರೆದರು.

ಈಗ ಅಕ್ಕಿ ಅಂಗಡಿಯಿಂದ ಚೀಲದಲ್ಲಿ ಬರುತ್ತದೆ. ಪಣತ ಹೋಯಿತು, ಮನೆಗೊಂದು ಕಾಂಪೌಂಡು ಬಂತು. ಬೆಕ್ಕಿನ ಕೆಲಸ ಹೋಯಿತು, ರಿಯಾಯಿತಿ ಮಾತ್ರ ಉಳಿಯಿತು. ನೆರೆಯವರ ಸಿಟ್ಟಿನ ಮೂಲ ಇಲ್ಲಿದೆ ಎಂದು ನನ್ನ ತೀರ್ಮಾನ.

ನಮ್ಮ ಬೀದಿಯ ಹಿರಿಯಮ್ಮ ಒಬ್ಬರು ಮೊನ್ನೆ ಗೇಟಿನ ಹೊರಗೇ ನಿಂತು, “ವಕೀಲರೇ, ಬೆಕ್ಕಿನ ಮೇಲೆ ಕೇಸು ಹಾಕಕ್ಕೆ ಬರ್ತದಾ?” ಎಂದರು. ಮೆಂತ್ಯದ ಪಾತಿ ಮೂರನೆಯ ಸಲ ಹಾಳಾಗಿತ್ತು.

“ಬರಲ್ಲ ಅಮ್ಮಾ.”

“ಮತ್ತೆ ಸ್ವಲ್ಪ ಔಷಧಿ ಇಟ್ರೆ?”

“ಆಗ ಕೇಸು ನಿಮ್ಮ ಮೇಲೆ ಬರ್ತದೆ.”

ಅದು ತಮಾಷೆಗೆ ಹೇಳಿದ್ದಲ್ಲ. 1860ರ ದಂಡ ಸಂಹಿತೆಯ 428ನೆಯ ಕಲಮು 10 ರೂಪಾಯಿಯಾದರೂ ಬಾಳುವ ಯಾವುದೇ ಪ್ರಾಣಿಯನ್ನು ಕೊಲ್ಲುವುದನ್ನು ಅಪರಾಧ ಎಂದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಲ್ಲಿ ಆ 10 ರೂಪಾಯಿಯೂ ಇಲ್ಲ. ಯಾವ ಪ್ರಾಣಿಗೇ ವಿಷವಿಟ್ಟರೂ ಐದು ವರ್ಷದ ತನಕ ಸಜೆಯಾಗಬಹುದು. ಪಾತಿ ಕೆದರಿದ ಬೆಕ್ಕು ಪಟ್ಟಿಯ ಹೊರಗೆ, ವಿಷವಿಟ್ಟ ಮನುಷ್ಯ ಪಟ್ಟಿಯ ಒಳಗೆ.

ಹಾಗಾದರೆ ಮಾಡುವುದೇನು? ಹಳಬರ ಬೇಲಿಯ ನ್ಯಾಯವನ್ನೇ ಚಿಕ್ಕದು ಮಾಡಿ ಬಳಸಬೇಕು. ಗಡಿ ಕಾಯುವುದನ್ನು ಬಿಟ್ಟು ಪಾತಿ ಕಾಯಿರಿ ಎಂದೆ. ಬೆಕ್ಕಿಗೆ ಬೇಕಾದದ್ದು ಅಗೆದು ಮುಚ್ಚಲು ಒಣಗಿದ, ಸಡಿಲವಾದ ಮಣ್ಣು. ಬೀಜ ಹಾಕಲು ನಾವು ಹದ ಮಾಡುವುದೂ ಅಂಥದ್ದನ್ನೇ. ಬೀಜ ಹಾಕಿದ ಕೂಡಲೇ ಕೋಳಿಬಲೆಯನ್ನು ಪಾತಿಯ ಮೇಲೆ ಮಟ್ಟಸವಾಗಿ ಹಾಸಿ ಅಂಚಿಗೆ ಕಲ್ಲಿಟ್ಟರೆ ಮೊಳಕೆ ಬಲೆಯ ಕಣ್ಣುಗಳಲ್ಲಿ ಏಳುತ್ತದೆ, ಪಂಜ ಇಳಿಯುವುದಿಲ್ಲ. ಬಲೆಯಿಲ್ಲದಿದ್ದರೆ ನಿಂಬೆಯ ಮುಳ್ಳುಕಡ್ಡಿಗಳನ್ನು ಒತ್ತಾಗಿ ಹರಡಬಹುದು. ಸಂಜೆ ನೀರು ಹಾಕಿ ಮಣ್ಣು ಹಸಿಯಾಗಿಡಬೇಕು. ಬೆಕ್ಕಿನ ಹೇಲಿನಿಂದ ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿ ಮಣ್ಣಿಗೆ ಸೇರಬಹುದಾದ್ದರಿಂದ ಸೊಪ್ಪನ್ನು ಚೆನ್ನಾಗಿ ತೊಳೆಯಬೇಕು. ಬಸುರಿಯರು ಆ ಮಣ್ಣಿಗೆ ಬರಿಗೈ ಹಾಕಬಾರದು. ಬೆಕ್ಕಿನ ಮನೆಯವರಿಗೂ ಒಂದು ಮಾತು ಕೇಳಿಸಿದೆ: ಅವರ ಅಂಗಳದ ಮೂಲೆಯಲ್ಲಿ ಒಂದು ಬುಟ್ಟಿ ಮರಳು ಹಾಕಿಡಲಿ ಎಂದು.

ಮರಳು ಅವರು ಹಾಕಲಿಲ್ಲ. ಹಿರಿಯಮ್ಮ ಬಲೆ ಹಾಸಿದರು, ಮೆಂತ್ಯ ಎದ್ದಿತು. ಬೆಕ್ಕು ಎದುರಿನ ಸಾಲಿನಲ್ಲಿ ಮನೆ ಕಟ್ಟಿಸುತ್ತಿರುವವರ ಎಂ-ಸ್ಯಾಂಡ್ ರಾಶಿಗೆ ವಲಸೆ ಹೋಗಿದೆ. ನಿನ್ನೆ ಅವರು ಕಾಯ್ದೆ ಕೇಳಲು ಬಂದಿದ್ದರು. ರಾಶಿಗೆ ಟಾರ್ಪಾಲು ಮುಚ್ಚಿ ಎಂದು ಕಳಿಸಿದೆ.