ಸೋರುವ ಯೆಜ್ಡಿ: ಮೈಸೂರಲ್ಲಿ ಹುಟ್ಟಿದ್ದು, ಅರಸೀಕೆರೆಯಲ್ಲಿ ಉಳಿದದ್ದು

ಭಾಗ 1/6

ಮನೇಲಿ ಹಳೇ ಗಾಡಿ ಇರೋರಿಗೆ ಈ ವಾಸನೆ ಗೊತ್ತು. ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದ್ರೆ ಪೆಟ್ರೋಲ್ ಗಮಲು, ಗಾಡಿ ಕೆಳಗೆ ಅಂಗೈ ಅಗಲದ ಒದ್ದೆ. ನಮ್ಮ ಹಿತ್ತಲಲ್ಲಿ ನಿಂತಿರೋದು ಅಜ್ಜನ 1976ರ ಯೆಜ್ಡಿ. ಅದರಿಂದ ನಾಲ್ಕು ಹೆಜ್ಜೆ ಆಚೆ ತೆಂಗಿನ ಸಿಪ್ಪೆ ರಾಶಿ, ಅದರ ಪಕ್ಕದಲ್ಲೇ ಹಂಡೆ ಒಲೆ. ಅರಸೀಕೆರೆ ಕಡೆಯವರಿಗೆ ಮುಂದಿನದು ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮ ಹೇಳಿದ್ದು ಒಂದೇ ಮಾತು: "ಭಾನುವಾರದೊಳಗೆ ಸೋರೋದು ನಿಲ್ಲಿಸು. ಇಲ್ದಿದ್ರೆ ಸೋಮವಾರ ಗುಜರಿಯವನನ್ನ ಕರೀತೀನಿ."

ನಮ್ಮ ಬಿಕಾಂ ಲೆಕ್ಕ ಹಾಕಿದ್ರೆ ಅಮ್ಮನದೇ ಸರಿ. ಗಾಡಿ ಬೆಲೆ 10,000 ಅಂತ ಇಟ್ಕೊಳ್ಳಿ. ವರ್ಷಕ್ಕೆ ಶೇ. 15ರಂತೆ ಡಬ್ಲ್ಯೂಡಿವಿ ಮೆಥಡ್‌ನಲ್ಲಿ ಸವಕಳಿ ಕಳೀತಾ ಬನ್ನಿ. 50 ವರ್ಷಕ್ಕೆ ಉಳಿಯೋದು ಹತ್ತಿರ ಹತ್ತಿರ 3 ರೂಪಾಯಿ. ಹಾಗಾದ್ರೆ ಈ 3 ರೂಪಾಯಿ ಗಾಡಿ ಇನ್ನೂ ಸ್ಟಾರ್ಟ್ ಆಗೋದು ಹೇಗೆ? ಅದನ್ನ ಹುಡುಕ್ತಾ ಹೋದಾಗ ಸಿಕ್ಕಿದ ಕಥೆ ಇದು.

ಭಾಗ 2/6

ಕಥೆ ಶುರುವಾಗೋದು ಚೆಕ್ ದೇಶದಲ್ಲಿ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗ ಕೊಂಡುಕೊಂಡ್ರು. ಯಾನೆಚೆಕ್‌ನ 'ಜಾ', ವಾಂಡರರ್‌ನ 'ವಾ' ಸೇರಿ ಜಾವಾ ಆಯ್ತು.

ಅದು ನಮ್ಮ ಕಡೆ ಬಂದದ್ದು ರುಸ್ತುಂ ಇರಾನಿ, ಫರೂಖ್ ಇರಾನಿ ಅವರಿಂದ. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಶುರುವಾಯ್ತು. ಉದ್ಘಾಟನೆ ಮಾಡಿದ್ದು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. 1973ರಿಂದ ಗಾಡಿ ಮೇಲೆ ಯೆಜ್ಡಿ ಅನ್ನೋ ಹೆಸರು ಬಂತು. ಅದು ಇರಾನಿನ ಯಜ್ದ್ ಊರಿನ ಹೆಸರು. 1978ರಲ್ಲಿ ರೋಡ್‌ಕಿಂಗ್ ಬಂತು.

250 ಸಿಸಿ, ಟೂ ಸ್ಟ್ರೋಕ್, ಎರಡು ಸೈಲೆನ್ಸರ್. ಕಿಕ್ಕರ್ರೂ ಅದೇ, ಗೇರ್ ಲಿವರ್ರೂ ಅದೇ. ಮೊದಲ ಸಲ ನೋಡೋರು "ಕಿಕ್ಕರ್ ಎಲ್ಲಿ?" ಅಂತ ಹುಡುಕ್ತಾರೆ.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಕಡಿಮೆ ಪೆಟ್ರೋಲ್ ಕುಡಿಯೋ ಫೋರ್ ಸ್ಟ್ರೋಕ್ ಗಾಡಿಗಳ ಕಾಲ ಶುರುವಾಯ್ತು. ಹೊಗೆಯ ಮೇಲೆ ಕಾನೂನೂ ಬಿಗಿಯಾಗ್ತಾ ಹೋಯ್ತು. 1996ರಲ್ಲಿ ಯಾದವಗಿರಿ ಕಾರ್ಖಾನೆ ಬಾಗಿಲು ಹಾಕಿತು.

ಭಾಗ 3/6

ಈಗ ಸೋರೋ ವಿಷಯಕ್ಕೆ ಬರೋಣ. ಕಾರ್ಬೇಟರ್ ಅಂದ್ರೆ ಭಯ ಬೇಡ. ನಿಮ್ಮ ಮನೆ ಮೇಲಿನ ನೀರಿನ ಟ್ಯಾಂಕ್ ನೆನಪಿಸ್ಕೊಳ್ಳಿ. ನೀರು ಏರಿದ ಹಾಗೆ ಬಾಲ್ ತೇಲುತ್ತೆ, ವಾಲ್ವ್ ಮುಚ್ಚುತ್ತೆ. ಕಾರ್ಬೇಟರ್ ಕೆಳಗಿನ ಬೋಲ್‌ನಲ್ಲಿ ನಡೆಯೋದೂ ಅಷ್ಟೇ. ಪೆಟ್ರೋಲ್ ಏರಿದ್ರೆ ಫ್ಲೋಟ್ ಏರುತ್ತೆ, ಒಂದು ಚಿಕ್ಕ ನೀಡಲನ್ನ ಮೇಲಕ್ಕೆ ಒತ್ತಿ ದಾರಿ ಮುಚ್ಚುತ್ತೆ. ಆ ಮಟ್ಟ ಜೆಟ್‌ನ ಬಾಯಿಗಿಂತ ಸ್ವಲ್ಪ ಕೆಳಗೆ ಇರಬೇಕು. ಎಂಜಿನ್ ಗಾಳಿ ಎಳೆದಾಗ ಮಾತ್ರ ಪೆಟ್ರೋಲ್ ತುಂತುರಾಗಿ ಮೇಲೆ ಬರುತ್ತೆ. 1893ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೇಬಾಖ್ ಹೀಗೆ ತುಂತುರು ಹೊಡೆಯೋ ಕಾರ್ಬೇಟರ್ ಮಾಡಿದ್ರು. ಅದೇ ವರ್ಷ ಹಂಗೇರಿಯ ಬಾಂಕಿ ಮತ್ತು ಚೊಂಕಾ ಇಂಥದ್ದಕ್ಕೇ ಪೇಟೆಂಟ್ ಪಡೆದ್ರು. ಅಜ್ಜನ ಗಾಡೀಲಿ ಇರೋದೂ ಅದೇ ಉಪಾಯ.

ತಮಾಷೆ ಗೊತ್ತಾ? ಹಳೇ ಜಾವಾಗಳಲ್ಲಿ ಬೇಕಂತಲೇ ಸೋರಿಸೋಕೆ ಒಂದು ಬಟನ್ ಇತ್ತು. ಹೆಸರು ಟಿಕ್ಲರ್. ಚಳಿಗೆ ಗಾಡಿ ಸ್ಟಾರ್ಟ್ ಆಗದಿದ್ರೆ ಅದನ್ನ ಒತ್ತಬೇಕು. ಫ್ಲೋಟ್ ಕೆಳಗಿಳಿದು ಪೆಟ್ರೋಲ್ ಉಕ್ಕುತ್ತೆ, ಆಮೇಲೆ ಕಿಕ್. ನಮ್ಮ ಗಾಡಿ ಮಾತ್ರ ಯಾರೂ ಒತ್ತದೇನೇ ಉಕ್ಕುತ್ತಿತ್ತು.

ಭಾಗ 4/6

ಎಲ್ಲಿಂದ ಸೋರ್ತಿದೆ ಅನ್ನೋದರ ಮೇಲೆ ಕಾಯಿಲೆ ಗೊತ್ತಾಗುತ್ತೆ. ಇದನ್ನ ಸೇವ್ ಮಾಡ್ಕೊಳ್ಳಿ.

ಪೆಟ್ರೋಲ್ ಕಾಕ್ ಬಂದ್ ಮಾಡಿದ್ರೂ ಅಲ್ಲೇ ತೊಟ್ಟಿಕ್ಕಿದ್ರೆ: ಕಾಕ್ ಒಳಗಿನ ವಾಷರ್ ಹೋಗಿದೆ.
ಬೋಲ್ ಸೇರೋ ಜಾಗದಲ್ಲಿ ಒದ್ದೆ ಇದ್ರೆ: ಗ್ಯಾಸ್ಕೆಟ್.
ಓವರ್‌ಫ್ಲೋ ಆಗ್ತಿದ್ರೆ: ನೀಡಲ್ ಸವೆದಿದೆ, ಇಲ್ಲಾ ಅಲ್ಲಿ ಕಸ ಕೂತಿದೆ, ಇಲ್ಲಾ ಫ್ಲೋಟ್ ತೊಂದರೆ.

ನಮ್ಮದು ಓವರ್‌ಫ್ಲೋ. ನಾನು ಮಾಡಿದ ದಡ್ಡತನ ಏನಂದ್ರೆ, ಬೋಲ್ ಸ್ಕ್ರೂಗಳನ್ನ ಶಕ್ತಿ ಇದ್ದಷ್ಟೂ ಟೈಟ್ ಮಾಡಿದೆ. ಸೋರೋದು ನಿಲ್ಲಲಿಲ್ಲ, ಗ್ಯಾಸ್ಕೆಟ್ ಹರಿದು ಇನ್ನೊಂದು ಕಡೆಯಿಂದಲೂ ಶುರುವಾಯ್ತು. ಆಮೇಲೆ ಹೊಸ ನೀಡಲ್ ಹಾಕಿದೆ. ಆಗಲೂ ಇಲ್ಲ. ಊರಲ್ಲಿ ಕೇಳಿದ್ರೆ "ಬೇರೆ ಗಾಡಿದು ಕಾರ್ಬೇಟರ್ ಕೂರ್ಸಣ ಬಿಡು" ಅಂದ್ರು.

ಬೇಲೂರಲ್ಲಿ ಹಳೇ ಮೆಕ್ಯಾನಿಕ್ ಒಬ್ಬರಿದ್ದಾರೆ ಅಂತ ಅಜ್ಜ ಹೇಳಿದ್ರು. ಗಾಡಿ ಓಡಿಸೋ ಹಾಗಿರಲಿಲ್ಲ. ಕಾರ್ಬೇಟರ್ ಬಿಚ್ಚಿ, ಪೆಟ್ರೋಲ್ ಪೂರ್ತಿ ಬಸಿದು ಒಣಗಿಸಿ, ಟಿಫಿನ್ ಬ್ಯಾಗಲ್ಲಿ ಹಾಕ್ಕೊಂಡು ಶನಿವಾರ ಬಸ್ ಹತ್ತಿದೆ. ಜಾವಗಲ್, ಹಳೇಬೀಡು, ಅಲ್ಲಿಂದ 16 ಕಿಲೋಮೀಟರ್ ಬೇಲೂರು.

ಭಾಗ 5/6

ಅಂಗಡಿಗೆ ಬೋರ್ಡೂ ಇಲ್ಲ. ಆ ತಾತ ಬೋಲ್ ಬಿಚ್ಚಿ ಹಿತ್ತಾಳೆ ಫ್ಲೋಟ್ ತೆಗೆದು ನನ್ನ ಕೈಗೆ ಕೊಟ್ರು. "ಕಿವಿ ಹತ್ರ ಹಿಡ್ದು ಅಲ್ಲಾಡ್ಸು ಮರಿ." ಅಲ್ಲಾಡಿಸಿದೆ. ಒಳಗೆ ಗುಳುಗುಳು ಅಂತು. ಫ್ಲೋಟ್ ತೂತಾಗಿ ಒಳಗೇ ಪೆಟ್ರೋಲ್ ಸೇರಿತ್ತು. ತೇಲಬೇಕಾದ್ದು ಮುಳುಗಿತ್ತು. ಇನ್ನು ಎಷ್ಟು ನೀಡಲ್ ಬದಲಾಯಿಸಿದ್ರೆ ಏನು?

ಬಿಸಿನೀರಲ್ಲಿ ಮುಳುಗಿಸಿದ್ರು. ಸೂಜಿಮೊನೆಯಷ್ಟು ಜಾಗದಿಂದ ಗುಳ್ಳೆ ಎದ್ದವು, ಅಲ್ಲಿ ಗುರುತು ಹಾಕಿದ್ರು. ಒಳಗಿನ ಪೆಟ್ರೋಲ್ ಪೂರ್ತಿ ಹೋಗೋವರೆಗೂ ಕಾಯಿಸಿದ್ರು. ಅದು ಹೋಗದೆ ಬೆಸುಗೆ ಹಾಕೋಕೆ ಹೋದ್ರೆ ಅಪಾಯ, ದಯವಿಟ್ಟು ಮನೇಲಿ ನೀವೇ ಮಾಡಬೇಡಿ. ಆಮೇಲೆ ಒಂದು ಚಿಕ್ಕ ಚುಕ್ಕಿ ಬೆಸುಗೆ. "ಜಾಸ್ತಿ ಹಾಕುದ್ರೆ ಭಾರ ಆಯ್ತದೆ, ಭಾರ ಆದ್ರೆ ಮತ್ತೆ ಸೋರ್ತದೆ" ಅಂದ್ರು. ಜೆಟ್‌ಗೆ ತಂತಿ ಚುಚ್ಚೋಕೆ ಹೋದ ನನ್ನ ಕೈ ತಡೆದ್ರು. ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾಗುತ್ತೆ, ಗಾಳಿ ಹೊಡೆದ್ರೆ ಸಾಕು.

ಕೆಲಸ ಕಲಿಯೋಕೆ ಯಾರಾದ್ರೂ ಬರ್ತಾರಾ ಅಂತ ಕೇಳಿದೆ. ನಕ್ಕರು. "ಕಾರ್ಬೇಟರ್ರೇ ಹೋಯ್ತಲ್ಲ ಮರಿ." ನಿಜ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಬೈಕ್‌ಗಳಲ್ಲಿ ಹೆಚ್ಚಿನವಕ್ಕೆ ಫ್ಯೂಯೆಲ್ ಇಂಜೆಕ್ಷನ್. 2018ರಲ್ಲಿ ಜಾವಾ ಹೆಸರು ಮತ್ತೆ ಬಂತಲ್ಲ, ಅದೂ ಇಂಜೆಕ್ಷನ್ ಗಾಡೀನೇ. ಹೊಗೆ ಕಡಿಮೆ, ಸೋರಲ್ಲ, ಒಳ್ಳೇದೇ. ಆದ್ರೆ ಅದು ಕೆಟ್ಟರೆ ಕಿವಿ ಹತ್ರ ಹಿಡಿದು ಅಲ್ಲಾಡಿಸೋಕೆ ಆಗಲ್ಲ.

ಬಸ್ಸಿಗೆ ಟೈಮ್ ಇತ್ತು, ಚೆನ್ನಕೇಶವ ದೇವಸ್ಥಾನಕ್ಕೆ ಹೋದೆ. ಅಲ್ಲಿನ ಕೆಲವು ಶಿಲ್ಪಗಳ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಅಪ್ಪನಿಂದ ಮಗನಿಗೆ ಕೆಲಸ ದಾಟಿದ್ದು ಒಂಬೈನೂರು ವರ್ಷ ಆದ್ಮೇಲೂ ನಮಗೆ ಗೊತ್ತು. ಬ್ಯಾಗಲ್ಲಿದ್ದ ಫ್ಲೋಟ್ ಮೇಲೆ ಹೆಸರಿರಲಿಲ್ಲ. ಬೆಸುಗೆ ಚುಕ್ಕಿ ಮಾತ್ರ ಇತ್ತು.

ಭಾಗ 6/6

ಭಾನುವಾರ ಕೂರಿಸಿದೆ. ಕಾಕ್ ಆನ್ ಮಾಡಿ, ಕೆಳಗೆ ಹಳೇ ಪೇಪರ್ ಹಾಕಿ ಒಂದು ಗಂಟೆ ಕಾದೆ. ಪೇಪರ್ ಒಣಗಿತ್ತು. ಎರಡನೇ ಕಿಕ್‌ಗೆ ಸ್ಟಾರ್ಟ್. ಅಮ್ಮ ಬಂದು ಬಗ್ಗಿ ನೋಡಿ, ಪೇಪರ್ ಮುಟ್ಟಿ ನೋಡಿ, ಏನೂ ಹೇಳದೆ ಒಳಗೆ ಹೋದ್ರು. ಅದೇ ಪರ್ಮಿಷನ್.

ಕಾರ್ಖಾನೆ ಮುಚ್ಚಿ 30 ವರ್ಷ. ಗಾಡಿ ಉಳಿದದ್ದು ಕಂಪನಿಯಿಂದಲ್ಲ, ಬಿಚ್ಚಿ ಜೋಡಿಸೋಕೆ ಗೊತ್ತಿದ್ದ ಇಂಥ ಅಂಗಡಿಗಳಿಂದ. ಬ್ಯಾಲೆನ್ಸ್ ಶೀಟಲ್ಲಿ ಇದಕ್ಕೆ ಕಾಲಂ ಇಲ್ಲ. ಗಾಡಿಯ ಸವಕಳಿ ಲೆಕ್ಕ ಹಾಕ್ತೀವಿ, ಆ ಕೈಗಳಿಗೆ ವಯಸ್ಸಾಗ್ತಿರೋದನ್ನ ಎಲ್ಲೂ ಬರೆಯಲ್ಲ.

ನೀವು ಮಾಡಬಹುದಾದ್ದು ಇಷ್ಟು. ಗಾಡಿ ನಿಲ್ಲಿಸಿದಾಗ ಕಾಕ್ ಬಂದ್ ಮಾಡಿ. ವಾರಗಟ್ಟಲೆ ನಿಲ್ಲಿಸೋದಾದ್ರೆ ಬೋಲ್ ಖಾಲಿ ಮಾಡಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ಇ20 ಪೆಟ್ರೋಲ್ ಬಿಡುಗಡೆ ಆಯ್ತಲ್ಲ, ಅದರಲ್ಲಿ ಶೇ. 20 ಎಥೆನಾಲ್. ಅದು ತೇವ ಎಳ್ಕೊಳ್ಳುತ್ತೆ, ನಮ್ಮ ಹಳೇ ವಾಷರ್‌ಗಳು ಅದಕ್ಕಂತ ಮಾಡಿದ್ದಲ್ಲ. ಆಮೇಲೆ, ನಿಮ್ಮೂರಲ್ಲಿ ಇಂಥ ತಾತ ಇದ್ರೆ ಒಂದು ಶನಿವಾರ ಹೋಗಿ ಪಕ್ಕದಲ್ಲಿ ಕೂತು ನೋಡಿ. ನಾನು ಮುಂದಿನ ಶನಿವಾರ ಮತ್ತೆ ಹೋಗ್ತಿದ್ದೀನಿ. ಈ ಸಲ ಬಸ್ಸಲ್ಲಲ್ಲ.

#ಯೆಜ್ಡಿ #ಜಾವಾ #ಅರಸೀಕೆರೆ #ಬೇಲೂರು #ಹಳೇಗಾಡಿ