ಬೆರಳಚ್ಚು ಯಂತ್ರಗಳಿಗೆ ಮರುಜೀವ

ಬೆರಳಚ್ಚು ಕಲಿತವರಿಗೆ ಕೆಲಸ ಖಾತ್ರಿ ಎಂಬ ನಂಬಿಕೆ ಒಂದು ಕಾಲಕ್ಕೆ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿದವರು ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿ ಜೂನಿಯರ್, ಸೀನಿಯರ್ ಪರೀಕ್ಷೆ ಪಾಸು ಮಾಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಆ ಟಕಟಕ ಸದ್ದು ಅಡಗಿತು. ಕಚೇರಿಯ ಯಂತ್ರಗಳು ಉಗ್ರಾಣ ಸೇರಿದವು. ಎಷ್ಟೋ ಯಂತ್ರಗಳು ಅಲ್ಲಿಂದ ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಅಂಥವನ್ನು ಹುಡುಕಿ ತಂದು, ಬಿಚ್ಚಿ, ಶುಚಿಗೊಳಿಸಿ, ಮತ್ತೆ ಬರೆಯುವಂತೆ ಮಾಡುವ ಹವ್ಯಾಸಿಗಳು ಇಂದು ಅನೇಕ ದೇಶಗಳಲ್ಲಿದ್ದಾರೆ.

ಟೈಪ್‌ರೈಟರ್ ಒಬ್ಬನೇ ಕಂಡುಹಿಡಿದ ವಸ್ತುವಲ್ಲ. ಆಲ್ಪ್ಸ್ ಪರ್ವತ ಸೀಮೆಯ ಬಡಗಿ ಪೀಟರ್ ಮಿಟರ್‌ಹೋಫರ್ 1860ರ ದಶಕದಲ್ಲಿ ಮರದಲ್ಲೇ ಬರೆಯುವ ಯಂತ್ರ ಕಟ್ಟಿದ್ದ. ಅವನ ಊರಾದ ಪಾರ್ಚಿನ್ಸ್‌ನಲ್ಲಿ, ಇಂದಿನ ಇಟಲಿಯಲ್ಲಿ, ಈಗ ಟೈಪ್‌ರೈಟರ್ ವಸ್ತುಸಂಗ್ರಹಾಲಯವಿದೆ. ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ಮತ್ತು ಸಂಗಡಿಗರಿಗೆ 1868ರಲ್ಲಿ ಪೇಟೆಂಟ್ ದೊರೆಯಿತು. ಬಂದೂಕು ತಯಾರಿಸುತ್ತಿದ್ದ ರೆಮಿಂಗ್ಟನ್ ಕಂಪನಿ 1874ರಲ್ಲಿ ಅವರ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರಗಳಷ್ಟೇ ಇದ್ದವು. ಟೈಪಿಸುವಾಗ ಬರೆದದ್ದು ಕಣ್ಣಿಗೆ ಕಾಣುತ್ತಲೂ ಇರಲಿಲ್ಲ. ಭಾರತದಲ್ಲಿ ಗೋದ್ರೆಜ್ ಕಂಪನಿ 1955ರಲ್ಲಿ ಸ್ವದೇಶಿ ಟೈಪ್‌ರೈಟರ್ ಹೊರತಂದಿತು. 2009ರಲ್ಲಿ ತಯಾರಿಕೆ ನಿಂತಿತು.

ಹಳೆಯ ಯಂತ್ರ ಕೈಗೆ ಬಂದಾಗ ಮೊದಲು ಮಾಡಬೇಕಾದುದು ತಾಳ್ಮೆಯಿಂದ ನೋಡುವುದು. ಕೀಲಿ ಒತ್ತಿದರೆ ಅಚ್ಚುಕಡ್ಡಿ ಎದ್ದು ರಿಬ್ಬನ್ನಿಗೆ ಬಡಿಯುತ್ತದೆ. ಅದೇ ಹೊತ್ತಿಗೆ ಹಲ್ಲುಚಕ್ರ ಒಂದು ಹಲ್ಲು ಬಿಡುತ್ತದೆ. ಸ್ಪ್ರಿಂಗ್ ಎಳೆತಕ್ಕೆ ಕ್ಯಾರೇಜ್ ಒಂದು ಅಕ್ಷರದಷ್ಟು ಸರಿಯುತ್ತದೆ. ಕ್ಯಾರೇಜ್ ಕದಲದಿದ್ದರೆ ಅನೇಕ ವೇಳೆ ಸ್ಪ್ರಿಂಗಿಗೂ ಕ್ಯಾರೇಜಿಗೂ ಕಟ್ಟಿದ ದಾರ ಹರಿದಿರುತ್ತದೆ, ಅಷ್ಟೆ. ಕೀಲಿಗಳು ಅಂಟಿಕೊಂಡಿದ್ದರೆ ಕಾರಣ ಧೂಳು ಹಿಡಿದು ಗಟ್ಟಿಯಾದ ಹಳೆಯ ಎಣ್ಣೆ. ಅದನ್ನು ಕರಗಿಸಿ ತೆಗೆಯಬೇಕೇ ಹೊರತು ಮೇಲೆ ಮತ್ತಷ್ಟು ಎಣ್ಣೆ ಸುರಿಯಬಾರದು. ಅಕ್ಷರಗಳ ಹೊಟ್ಟೆಯಲ್ಲಿ ಕಟ್ಟಿದ ಮಸಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಬಹುದು. ಕಲ್ಲಿನಂತಾದ ರೋಲರಿಗೆ ಮಾತ್ರ ಹೊಸ ರಬ್ಬರ್ ಹಾಕಿಸಬೇಕು. ಹೊಸ ಬಣ್ಣ ಬಳಿಯುವುದನ್ನು ಬಹಳಷ್ಟು ಸಂಗ್ರಾಹಕರು ಒಪ್ಪುವುದಿಲ್ಲ: ಬೆರಳುಗಳು ಸವೆಸಿದ ಗುರುತೂ ಯಂತ್ರದ ಚರಿತ್ರೆಯೇ.

ಸರಗಳಿಗೆ, ಉಂಗುರಗಳಿಗೆ ಕೂಡಿಸಲೆಂದು ಗುಂಡುಕೀಲಿಗಳನ್ನು ಕತ್ತರಿಸಿ ಮಾರುವವರೂ ಇದ್ದಾರೆ. ಹಾಗೆ ಕತ್ತರಿಸಿದ ಯಂತ್ರ ಮತ್ತೆ ಬರೆಯುವುದು ಕಷ್ಟ.

ಕನ್ನಡದ ಮಟ್ಟಿಗೆ ಈ ಹವ್ಯಾಸಕ್ಕೆ ಇನ್ನೂ ಹೆಚ್ಚಿನ ಮಹತ್ವವಿದೆ. ಇಂಗ್ಲಿಷ್ ಯಂತ್ರಗಳಿಗೆ ಹಾಲಿವುಡ್ ನಟ ಟಾಮ್ ಹ್ಯಾಂಕ್ಸ್‌ರಂಥ ಸಂಗ್ರಾಹಕರಿದ್ದಾರೆ. ಕನ್ನಡದ ಯಂತ್ರಗಳನ್ನು ಕಾಯುವವರು ನಾವೇ ಆಗಬೇಕು. ಕಾಗುಣಿತ, ಒತ್ತಕ್ಷರಗಳಿಂದಾಗಿ ಅಚ್ಚುಮೊಳೆಯ ಮುದ್ರಣಕ್ಕೆ ನೂರಾರು ಬಗೆಯ ಮೊಳೆಗಳು ಬೇಕಾಗಿದ್ದವು. ಟೈಪ್‌ರೈಟರಿನಲ್ಲಿ ಇದ್ದದ್ದು ನಾಲ್ಕು ಸಾಲು ಕೀಲಿ, ಒಂದೊಂದರಲ್ಲಿ ಎರಡು ಗುರುತು. ಅಷ್ಟರಲ್ಲಿ ಇಡೀ ಲಿಪಿಯನ್ನು ಹಿಡಿಸಲು ಅಕ್ಷರಗಳನ್ನು ತುಂಡುಗಳಾಗಿ ಒಡೆದು, ಕಾಗದದ ಮೇಲೆ ಮತ್ತೆ ಜೋಡಿಸುವ ಉಪಾಯ ಹೂಡಬೇಕಾಯಿತು. ಒತ್ತಿದರೂ ಕ್ಯಾರೇಜ್ ಸರಿಯದ ಕೀಲಿಗಳು ಭಾರತೀಯ ಭಾಷೆಗಳ ಯಂತ್ರಗಳಲ್ಲಿ ಬಂದದ್ದು ಈ ಅಗತ್ಯದಿಂದಲೇ. ಕನ್ನಡ ಕೀಲಿಮಣೆ ರೂಪಿಸಿದ ಶ್ರೇಯ ಕೆ. ಅನಂತಸುಬ್ಬರಾವ್ ಅವರಿಗೆ ಸಲ್ಲುತ್ತದೆ. 1963ರ ರಾಜಭಾಷಾ ಅಧಿನಿಯಮದ ಆಶಯ ಕಡತಗಳಲ್ಲಿ ಇಳಿಯಬೇಕಾದಾಗ ನೆರವಿಗೆ ಬಂದದ್ದು ಕನ್ನಡ ಬೆರಳಚ್ಚು ಯಂತ್ರವೇ.

ಹೀಗಾಗಿ ಕನ್ನಡ ಟೈಪ್‌ರೈಟರ್ ಬರಿಯ ಕಬ್ಬಿಣವಲ್ಲ. ನಮ್ಮ ಲಿಪಿ ಯಂತ್ರಕ್ಕೆ ಒಗ್ಗಿದ ಬಗೆಯ ದಾಖಲೆ. ಅದನ್ನು ರಿಪೇರಿ ಮಾಡಬಲ್ಲವರಿಗೆ ವಯಸ್ಸಾಗುತ್ತಿದೆ. ಅವರ ಕೈಚಳಕ ಪುಸ್ತಕ ಓದಿ ಬರುವಂಥದಲ್ಲ, ಪಕ್ಕದಲ್ಲಿ ಕುಳಿತು ಕಲಿಯಬೇಕಾದದ್ದು. ಮನೆಯ ಅಟ್ಟದ ಮೇಲೋ ಶಾಲೆಯ ಉಗ್ರಾಣದಲ್ಲೋ ಅಂಥ ಯಂತ್ರವಿದ್ದರೆ ಗುಜರಿಯವನನ್ನು ಕರೆಯುವ ಮೊದಲು ಹೊಸ ರಿಬ್ಬನ್ ಹಾಕಿ ಒಂದು ಸಾಲು ಒತ್ತಿ ನೋಡುವುದು ಒಳಿತು.