ಪಥೇರ್ ಪಾಂಚಾಲಿ: ಗ್ರಂಥವೂ ಚಿತ್ರವೂ

ಮಹಾಕೃತಿಗಳನ್ನು ಕತ್ತರಿಸಿ ಬಾಲಕರ ಕೈಗಿಡುವುದು ಕೃತಿಗೂ ಬಾಲಕರಿಗೂ ಮಾಡುವ ಅಪಚಾರವೆಂದು ಅಧ್ಯಾಪಕ ವೃತ್ತಿಯಲ್ಲಿದ್ದಷ್ಟು ಕಾಲವೂ ನಾನು ವಾದಿಸುತ್ತಿದ್ದೆನು. ಪಾಠಶಾಲೆಯಲ್ಲಿ ಮೂಲಗ್ರಂಥಗಳನ್ನು ಪದಚ್ಛೇದ, ಅನ್ವಯಗಳೊಡನೆ ಓದಿದವನಿಗೆ ಸಂಗ್ರಹವೆಂದರೆ ತಾತ್ಸಾರ ಹುಟ್ಟುವುದು ಸಹಜವೇ. ಆದರೆ ಬಾಲ್ಯದಲ್ಲಿ ಅನುವಾದದ ಮೂಲಕ ಓದಿ ಕಣ್ಣೀರಿಟ್ಟಿದ್ದ ಒಂದು ಬಂಗಾಳಿ ಕಾದಂಬರಿಯ ಚಲಚ್ಚಿತ್ರವನ್ನು ಈಚೆಗೆ ಮೊಮ್ಮಗಳೊಡನೆ ನೋಡಿ, ಅದರ ಚರಿತ್ರೆಯನ್ನು ವಿಚಾರಿಸಲಾಗಿ, ಈ ಮತವನ್ನು ತಿದ್ದಿಕೊಳ್ಳಬೇಕಾಗಿ ಬಂದಿತು.

ವಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ಯು ‘ವಿಚಿತ್ರಾ’ ಪತ್ರಿಕೆಯಲ್ಲಿ ಕ್ರಮವಾಗಿ ಪ್ರಕಟವಾಗಿ, 1929ರಲ್ಲಿ ಗ್ರಂಥರೂಪವನ್ನು ತಾಳಿತು. ಬಡ ಪುರೋಹಿತ ಹರಿಹರನ ಮಕ್ಕಳಾದ ದುರ್ಗೆ ಮತ್ತು ಅಪು ಇವರ ಬಾಲ್ಯವೇ ಅದರ ಜೀವಾಳ. 1944ರಲ್ಲಿ ಕಲ್ಕತ್ತೆಯ ಸಿಗ್ನೆಟ್ ಪ್ರೆಸ್ಸಿನ ದಿಲೀಪಕುಮಾರ ಗುಪ್ತರು ಅದನ್ನು ಬಾಲಕರಿಗಾಗಿ ಸಂಗ್ರಹಿಸಿ, ಚಿತ್ರ ಬರೆಯುವ ಕಾರ್ಯವನ್ನು ತರುಣ ಸತ್ಯಜಿತ್ ರಾಯರಿಗೆ ವಹಿಸಿದರು. ಈ ಸಂಗ್ರಹವು ಒಳ್ಳೆಯ ಚಲಚ್ಚಿತ್ರವಾದೀತೆಂದು ಗುಪ್ತರೇ ಸೂಚಿಸಿದರು. ನಾನು ಹಳಿಯುತ್ತಿದ್ದ ಸಂಗ್ರಹವೇ ಹೀಗೆ ಚಿತ್ರಕ್ಕೆ ಬೀಜವಾಯಿತು.

ಗ್ರಂಥಕರ್ತರು 1950ರಲ್ಲಿ ತೀರಿಕೊಂಡರು. ಅವರ ಪತ್ನಿಯು ಚಿತ್ರಕ್ಕೆ ಅನುಮತಿಯಿತ್ತರು. 1952ರ ಅಕ್ಟೋಬರಿನಲ್ಲಿ ಕಾಶಪುಷ್ಪದ ಬಯಲಿನಲ್ಲಿ ಚಿತ್ರೀಕರಣವು ಮೊದಲಾಯಿತು. ಕಾಳಿದಾಸನು ಶರದ್ವಧುವಿಗೆ ವಸ್ತ್ರವಾಗಿ ಉಡಿಸಿದ ಆ ಹೂಗಳನ್ನು, ಮುಂದಿನ ವಾರ ಬಂದು ನೋಡುವಷ್ಟರಲ್ಲಿ ದನಗಳು ಮೇದುಬಿಟ್ಟಿದ್ದವು! ಆ ದೃಶ್ಯವನ್ನು ಮುಗಿಸಲು ಮರುವರ್ಷದ ಹೂವಿಗಾಗಿ ಕಾಯಬೇಕಾಯಿತು. ಹಣಕ್ಕಾಗಿ ರಾಯರ ಪತ್ನಿಯ ಒಡವೆಗಳು ಒತ್ತೆಗೆ ಹೋದುವು. ಕೊನೆಗೆ ಪಶ್ಚಿಮ ಬಂಗಾಳದ ಸರ್ಕಾರವು ನೆರವಾಗಿ, 1955ರಲ್ಲಿ ಚಿತ್ರವು ತೆರೆಗೆ ಬಂದಿತು. 1956ರಲ್ಲಿ ಫ್ರಾನ್ಸಿನ ಕಾನ್ ಉತ್ಸವದಲ್ಲಿ ಅದಕ್ಕೆ ಪುರಸ್ಕಾರವೂ ದೊರೆಯಿತು.

ಇನ್ನು ಮೂಲದಿಂದ ಚಿತ್ರವು ಸರಿದಿರುವ ಎಡೆಗಳನ್ನು ನೋಡೋಣ. ಗ್ರಂಥದಲ್ಲಿ ಬೇಗನೆ ಮರಣಹೊಂದುವ ವೃದ್ಧೆ ಇಂದಿರಳನ್ನು ಚಿತ್ರವು ಬಹುಕಾಲ ಬದುಕಿಸಿ, ಮಕ್ಕಳ ಕಣ್ಣೆದುರಿಗೇ ಆಕೆಯ ಸಾವನ್ನು ತಂದಿರಿಸಿದೆ. ಕಾಶಿಯಲ್ಲಿ ನಡೆಯುವ ಕೊನೆಯ ಭಾಗವನ್ನು ರಾಯರು ಮುಂದಿನ ಚಿತ್ರವಾದ ‘ಅಪರಾಜಿತೋ’ಗೆ ಬಿಟ್ಟರು. ನನ್ನನ್ನು ಅತಿಶಯವಾಗಿ ಕೆರಳಿಸಿದುದು ರೈಲಿನ ಪ್ರಸಂಗ. ಗ್ರಂಥದಲ್ಲಿ ಅಕ್ಕತಮ್ಮಂದಿರು ರೈಲುದಾರಿಯನ್ನು ಅರಸಿಹೊರಟು ಕಾಣದೆ ಹಿಂದಿರುಗುವರು. ರೈಲು ನೋಡಬೇಕೆಂಬ ಆಸೆ ತೀರದೆಯೇ ದುರ್ಗೆಯು ಸಾಯುವಳು. ಚಿತ್ರದಲ್ಲಾದರೋ ಬಿಳಿಯ ಹೂಗಳಾಚೆ ಹೊಗೆಯುಗುಳುತ್ತ ರೈಲು ಬಂದೇ ಬಂದಿತು. “ಮೂಲದ ಮರ್ಮವೇ ಹೋಯಿತು!” ಎಂದು ನಾನು ಗೊಣಗಿದೆನು.

ಹತ್ತು ವರ್ಷದ ಮೊಮ್ಮಗಳು ತೆರೆಯಿಂದ ಕಣ್ಣು ಕೀಳದೆ, “ಅಜ್ಜ, ತಮ್ಮ ನೋಡಿದ. ಅಕ್ಕ ಎಡವಿ ಹಿಂದೆಯೇ ಉಳಿದಳಲ್ಲ, ಅವಳು ನೋಡಲೇ ಇಲ್ಲವೇ?” ಎಂದಳು.

ಆ ಹುಡುಗಿ ಕಾದಂಬರಿಯ ಒಂದು ಪುಟವನ್ನೂ ಓದಿದವಳಲ್ಲ. ಶಬ್ದವನ್ನು ಹಿಡಿದು ನಾನು ಕಳೆದುಕೊಳ್ಳುತ್ತಿದ್ದ ಅರ್ಥವನ್ನು ಆಕೆ ಕಣ್ಣಿನಿಂದಲೇ ಗ್ರಹಿಸಿದ್ದಳು. ಸಂಗ್ರಹದ ಪುಸ್ತಕಗಳನ್ನು ಓದಿದುದಕ್ಕಾಗಿ ನಾನು ಗದರಿಸಿದ್ದ ಹಲವು ವಿದ್ಯಾರ್ಥಿಗಳ ಮುಖಗಳು ಆಗ ನೆನಪಿಗೆ ಬಂದುವು. ಅವರಲ್ಲಿ ಎಷ್ಟು ಮಂದಿ ಆ ಬಾಗಿಲಿನಿಂದಲೇ ಮೂಲದ ಮನೆಯನ್ನು ಹೊಗುತ್ತಿದ್ದರೋ!

ಮರುದಿನ ಅಟ್ಟದ ಪೆಟ್ಟಿಗೆಯಿಂದ ಹಳೆಯ ಅನುವಾದವನ್ನು ತೆಗೆದು, ಧೂಳನ್ನೊರಸಿ, ಮೊಮ್ಮಗಳ ಕೈಗಿತ್ತೆನು. ದುರ್ಗೆಯು ರೈಲನ್ನು ಕಂಡಳೇ ಇಲ್ಲವೇ ಎಂಬುದನ್ನು ಆಕೆಯೇ ಓದಿ ತಿಳಿಯಲಿ.